ನನ್ನ ತೂಕಕ್ಕೊಪ್ಪುವ ಸಸ್ಪೆನ್ಷನ್

ಹಿಮದ ಮೇಲೆ ಓಡುವ ಬಂಡಿಯಾದ ಸ್ನೋಮೊಬೈಲ್ ತಯಾರಿಸುವವರ ಮನಸ್ಸಿನಲ್ಲಿ ಒಬ್ಬ ಸವಾರನಿರುತ್ತಾನೆ. ಗಂಡಸು, ಒಳ್ಳೆಯ ಮೈಕಟ್ಟಿನ ಆಳು. ಹಿಮದ ಉಡುಪು, ಬೂಟು, ಹೆಲ್ಮೆಟ್, ಬೆನ್ನಚೀಲ ಎಲ್ಲವೂ ಸೇರಿದರೆ 90 ಕಿಲೋ ದಾಟುವವನು. ಕಾರ್ಖಾನೆಯಿಂದ ಹೊರಬರುವ ಸ್ಪ್ರಿಂಗುಗಳನ್ನು ಸಾಮಾನ್ಯವಾಗಿ ಅವನ ಭಾರಕ್ಕೆ ತಕ್ಕಂತೆ ಆರಿಸಿರುತ್ತಾರೆ. ನಾನು ಅದೇ ಉಡುಪು ತೊಟ್ಟು, ಅದೇ ಚೀಲ ಹೊತ್ತು ತಕ್ಕಡಿಯ ಮೇಲೆ ನಿಂತರೂ 65 ಕಿಲೋ ಮುಟ್ಟುವುದು ಕಷ್ಟ. ಈ 25 ಕಿಲೋ ವ್ಯತ್ಯಾಸ ಕಾರಿನಲ್ಲಾಗಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಪರ್ವತದ ಹಿಮದಲ್ಲಿ, 200 ಕಿಲೋ ಆಸುಪಾಸಿನ ಯಂತ್ರದ ಮೇಲೆ, ಎಲ್ಲವೂ ಅದರ ಮೇಲೆಯೇ ನಿಂತಿದೆ. ಹಿಂಬದಿಯ ಸಸ್ಪೆನ್ಷನ್ ಬದಲಾಯಿಸಬೇಕೆಂದು ನಾನು ಹೊರಟಿದ್ದು ಈ ಕಾರಣಕ್ಕೆ.

ನಾವಿರುವುದು ಅಮೆರಿಕದ ಇದಾಹೋ ರಾಜ್ಯದ ಬೊಯ್ಸಿಯಲ್ಲಿ. ಇಲ್ಲಿಂದ 55ನೇ ಹೆದ್ದಾರಿ ಹಿಡಿದು, ಪೇಯೆಟ್ ನದಿಯ ಪಕ್ಕದಲ್ಲೇ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಮೆಕಾಲ್ ಎಂಬ ಪುಟ್ಟ ಊರು ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ, ಮಗ್ಗುಲಲ್ಲೇ ಕೆರೆ, ಸುತ್ತಲೂ ಪೇಯೆಟ್ ರಾಷ್ಟ್ರೀಯ ಅರಣ್ಯ. ಊರಿನಿಂದ ಮೇಲಕ್ಕೆ ಹೋಗುವ ವಾರೆನ್ ವ್ಯಾಗನ್ ರಸ್ತೆಯ ಬಹುಭಾಗದಲ್ಲಿ ಚಳಿಗಾಲದಲ್ಲಿ ಹಿಮ ತೆಗೆಯುವುದಿಲ್ಲ. ಯಂತ್ರದಿಂದ ಹಿಮವನ್ನೇ ಅದುಮಿ ಸಮತಟ್ಟು ಮಾಡಿ ಸ್ನೋಮೊಬೈಲ್‌ಗಳಿಗೆ ಬಿಟ್ಟುಕೊಡುತ್ತಾರೆ. ಬರ್ಗ್‌ಡಾರ್ಫ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಗೆ ಆ ತಿಂಗಳುಗಳಲ್ಲಿ ಜನ ಹೋಗುವುದು ಈ ದಾರಿಯಲ್ಲೇ. ನಮ್ಮಂಥವರು ಆ ದಾರಿಯಲ್ಲಿ ಒಂದಷ್ಟು ದೂರ ಸಾಗಿ, ಬದಿಗೆ ಹೊರಳಿ, ಮರಗಳ ನಡುವಿನ ತುಳಿಯದ ಹಿಮಕ್ಕೆ ಇಳಿಯುತ್ತೇವೆ. ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಸ್ನೋ ಸ್ಕೂಟರ್ ನೋಡಿದವರಿಗೆ ಯಂತ್ರದ ರೂಪ ಗೊತ್ತಿರುತ್ತದೆ. ಪರ್ವತಕ್ಕೆಂದೇ ಮಾಡಿದ ಸ್ಲೆಡ್ (ಸ್ನೋಮೊಬೈಲನ್ನು ಸವಾರರು ಕರೆಯುವುದು ಹೀಗೆ) ಅದರದೇ ಕುಲದ್ದು, ಆದರೆ ಯಂತ್ರವನ್ನು ಮುಂದೆ ತಳ್ಳುವ ರಬ್ಬರ್ ಪಟ್ಟಿ, ಅಂದರೆ ಟ್ರ್ಯಾಕ್, ಹೆಚ್ಚು ಉದ್ದ, ಟ್ರ್ಯಾಕ್‌ನ ಹಲ್ಲುಗಳು ಹೆಚ್ಚು ಎತ್ತರ. ನನ್ನದರ ಟ್ರ್ಯಾಕ್ ಸುತ್ತಳತೆ 155 ಅಂಗುಲ, ಅಗಲ 15 ಅಂಗುಲ, ಹಲ್ಲುಗಳ ಎತ್ತರ 2.6 ಅಂಗುಲ. 165, 175 ಅಂಗುಲದವೂ ಇವೆ.

ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕಿ, ಹಿಂದೆ ಒಂದು ರಬ್ಬರ್ ಟ್ರ್ಯಾಕ್. ಆ ಟ್ರ್ಯಾಕ್‌ನ ಸುತ್ತಿನೊಳಗೆ ಕುಳಿತಿರುವುದೇ ಹಿಂಬದಿಯ ಸಸ್ಪೆನ್ಷನ್. ಇಲ್ಲಿನ ಸವಾರರು ಅದನ್ನು ಸ್ಕಿಡ್ ಎನ್ನುತ್ತಾರೆ. ಅಲ್ಯೂಮಿನಿಯಂನ ಎರಡು ಉದ್ದನೆಯ ಹಳಿಗಳು, ಅವುಗಳ ಅಡಿಗೆ ಸವೆಯಲೆಂದೇ ಹಾಕಿದ ಪ್ಲಾಸ್ಟಿಕ್ ಪಟ್ಟಿ, ಹಳಿಗಳನ್ನು ಮೇಲಿನ ಚೌಕಟ್ಟಿಗೆ ಜೋಡಿಸುವ ಮುಂದಿನ ತೋಳು ಮತ್ತು ಹಿಂದಿನ ತೋಳು, ಒಂದೊಂದು ತೋಳಿಗೂ ಒಂದೊಂದು ಶಾಕ್ ಅಬ್ಸಾರ್ಬರ್, ತುದಿಯಲ್ಲಿ ಚಕ್ರಗಳು. ಮುಂದಿನ ತೋಳು ಎಷ್ಟು ಕೆಳಗೆ ಚಾಚಬಹುದು ಎಂಬುದನ್ನು ತಡೆಹಿಡಿಯುವ ಒಂದು ಪಟ್ಟಿ ಇರುತ್ತದೆ; ಅದು ಲಿಮಿಟರ್ ಪಟ್ಟಿ. ಮೊದಲ ಕಾಲದ ಯಂತ್ರಗಳಲ್ಲಿ ಹಳಿಗಳಿರಲಿಲ್ಲ. ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಮಾರುಕಟ್ಟೆಗೆ ತಂದ ಸ್ಕಿ-ಡೂನಲ್ಲಿ ಸ್ಪ್ರಿಂಗ್ ಕಟ್ಟಿದ ಪುಟ್ಟ ಚಕ್ರಗಳ ಗುಂಪುಗಳು ಟ್ರ್ಯಾಕನ್ನು ನೆಲಕ್ಕೆ ಒತ್ತುತ್ತಿದ್ದವು. ಬೊಂಬಾರ್ಡಿಯೆ ಹಿಮದ ವಾಹನಗಳ ಹಿಂದೆ ಬಿದ್ದದ್ದರಲ್ಲಿ ಒಂದು ದುಃಖದ ಕಥೆಯಿದೆ. 1934ರ ಚಳಿಗಾಲದಲ್ಲಿ ಹಿಮ ಮುಚ್ಚಿದ ರಸ್ತೆಯಲ್ಲಿ ಆಸ್ಪತ್ರೆ ತಲುಪಿಸಲಾಗದೆ ಅವರು ತಮ್ಮ ಎಳೆಯ ಮಗನನ್ನು ಕಳೆದುಕೊಂಡಿದ್ದರು. ಈ ಯಂತ್ರ ಹುಟ್ಟಿದ್ದು ಮನೆಯಿಂದ ಊರಿಗೆ, ಊರಿಂದ ಆಸ್ಪತ್ರೆಗೆ ದಾಟಲಿಕ್ಕೆ. ಪರ್ವತ ಹತ್ತುವುದು ಆಮೇಲಿನ ತಲೆಮಾರುಗಳ ಹುಚ್ಚು. ನಾನೂ ಆ ಹುಚ್ಚಿನವಳೇ.

ಸಸ್ಪೆನ್ಷನ್ ಎಂದೊಡನೆ ಎಲ್ಲರೂ ನೆನೆಯುವುದು ಗುಂಡಿಗಳನ್ನು. ಕುಲುಕಾಟ ಕಡಿಮೆಯಾಗಬೇಕು, ಸೊಂಟ ಉಳಿಯಬೇಕು. ಸಮತಟ್ಟಾದ ದಾರಿಯಲ್ಲಿ ದಿನವಿಡೀ ಓಡಿಸುವವರಿಗೆ ಇದು ನಿಜ. ಆಳವಾದ ಪುಡಿಹಿಮದಲ್ಲಿ ಗುಂಡಿಗಳೇ ಇಲ್ಲ. ಅಲ್ಲಿ ಹಿಮವೇ ಮೆತ್ತೆ. ಅಲ್ಲಿ ಹಿಂಬದಿಯ ಸಸ್ಪೆನ್ಷನ್ ಮಾಡುವ ಕೆಲಸ ಬೇರೆ. ಯಂತ್ರದ ಮತ್ತು ಸವಾರಳ ಭಾರದಲ್ಲಿ ಎಷ್ಟು ಪಾಲು ಸ್ಕಿಗಳ ಮೇಲೆ, ಎಷ್ಟು ಪಾಲು ಟ್ರ್ಯಾಕ್‌ನ ಮುಂಭಾಗದ ಮೇಲೆ, ಎಷ್ಟು ಅದರ ಹಿಂಭಾಗದ ಮೇಲೆ ಎಂಬುದನ್ನು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ಅದೇ. ಟ್ರ್ಯಾಕ್ ಯಾವ ಕೋನದಲ್ಲಿ ಹಿಮವನ್ನು ಎದುರಿಸುತ್ತದೆ ಎಂಬುದೂ ಅದರಿಂದಲೇ. ಆ ಕೋನ ಕಡಿದಾದರೆ ಟ್ರ್ಯಾಕ್ ಹಿಮವನ್ನು ಅಗೆಯುತ್ತದೆ, ಓರೆಯಾದರೆ ಮೇಲೇರಿ ತೇಲುತ್ತದೆ. ನನ್ನ ದೃಷ್ಟಿಯಲ್ಲಿ ಪರ್ವತದ ಸ್ಲೆಡ್‌ನಲ್ಲಿ ದಿಕ್ಕು ನಿಯಂತ್ರಿಸುವ ಕೆಲಸದ ಅರ್ಧಪಾಲು ಕೈಹಿಡಿಯದ್ದು, ಉಳಿದರ್ಧ ಈ ಸ್ಕಿಡ್‌ನದ್ದು. ಬೆಲೆಪಟ್ಟಿಗಳಲ್ಲಿ ಚಲನೆ ಎಷ್ಟು ಅಂಗುಲ, ಎಷ್ಟು ಹಗುರ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಭಾರವನ್ನು ಅದು ಹೇಗೆ ಹಂಚುತ್ತದೆ ಎಂದು ಬರೆದಿರುವುದನ್ನು ನಾನು ಕಂಡದ್ದು ಅಪರೂಪ.

ಆಕ್ಸಿಲರೇಟರ್ ಒತ್ತಿದಾಗ ಏನಾಗುತ್ತದೆ ನೋಡಿ. ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ತೋಳು ಕುಗ್ಗುತ್ತದೆ, ಮುಂದಿನ ತೋಳು ಕೆಳಕ್ಕೆ ಚಾಚುತ್ತದೆ, ಸ್ಕಿಗಳು ಹಗುರವಾಗುತ್ತವೆ, ಯಂತ್ರದ ಮೂತಿ ಮೇಲೇಳುತ್ತದೆ, ಟ್ರ್ಯಾಕ್ ಹಿಮದ ಮೇಲಕ್ಕೆ ಹತ್ತಿಕೊಳ್ಳುತ್ತದೆ. ಪುಡಿಹಿಮದಲ್ಲಿ ಬೇಕಾದದ್ದು ಇದೇ. ಇದು ಅತಿಯಾದರೆ ಕಡಿದಾದ ಏರಿನಲ್ಲಿ ಸ್ಕಿಗಳು ಗಾಳಿಯಲ್ಲಿ ನಿಲ್ಲುತ್ತವೆ, ದಿಕ್ಕು ಕೈತಪ್ಪುತ್ತದೆ. ಲಿಮಿಟರ್ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದರೆ ಮುಂದಿನ ತೋಳು ಅಷ್ಟು ಚಾಚುವುದಿಲ್ಲ. ಸ್ಕಿಗಳು ನೆಲ ಹಿಡಿಯುತ್ತವೆ. ಒಂದು ತೂತು ಸಡಿಲಿಸಿದರೆ ಮೂತಿ ಹಗುರ. ಒಂದು ಪಟ್ಟಿ, ಒಂದು ಬೋಲ್ಟ್, ಒಂದು ಪೈಸೆ ಖರ್ಚಿಲ್ಲ, ಆದರೆ ಯಂತ್ರದ ಸ್ವಭಾವವೇ ಬದಲಾಗುತ್ತದೆ. ಹೊಸ ಸಸ್ಪೆನ್ಷನ್‌ಗೆ ಸಾವಿರಾರು ಡಾಲರ್ ಸುರಿಯುವ ಎಷ್ಟೋ ಜನ ಆ ಪಟ್ಟಿಯನ್ನು ಒಮ್ಮೆಯೂ ಮುಟ್ಟಿರುವುದಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಹಗುರ ಮೈಯವರ ಕಷ್ಟ ಶುರುವಾಗುವುದು ಇಲ್ಲೇ. ಭಾರದ ಸವಾರನಿಗೆಂದು ಇಟ್ಟ ಹಿಂದಿನ ಸ್ಪ್ರಿಂಗ್ ನನ್ನ ಅಡಿಯಲ್ಲಿ ಕುಗ್ಗುವುದಿಲ್ಲ. ಯಂತ್ರದ ಬೆನ್ನು ಎತ್ತರದಲ್ಲೇ ನಿಲ್ಲುತ್ತದೆ, ಮೂತಿ ತಗ್ಗುತ್ತದೆ, ಸ್ಕಿಗಳ ಮೇಲೆ ಬೇಡದ ಭಾರ ಬೀಳುತ್ತದೆ. ಕೈಹಿಡಿ ಗಟ್ಟಿಯಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಭುಜ, ಮುಂಗೈ ಸೋಲುತ್ತವೆ. ಆಕ್ಸಿಲರೇಟರ್ ಒತ್ತಿದರೂ ಭಾರ ಹಿಂದಕ್ಕೆ ಸರಿಯಲು ಜಾಗವೇ ಇಲ್ಲದ್ದರಿಂದ ಟ್ರ್ಯಾಕ್ ಮೇಲೇರುವ ಬದಲು ಇದ್ದಲ್ಲೇ ಸುತ್ತಿ ಕಾಲುವೆ ಕೊರೆಯುತ್ತದೆ. ಆ ಕಾಲುವೆಯಲ್ಲಿ ಯಂತ್ರ ಹೂತರೆ ಸಲಿಕೆ ಹಿಡಿಯಬೇಕು. ಎತ್ತರದ ಗಂಡಸರು ಹಿಂದಿನ ಬಂಪರ್ ಹಿಡಿದು ಒಮ್ಮೆ ಜಗ್ಗಿ ಪಕ್ಕಕ್ಕೆ ಸರಿಸುವುದನ್ನು ನೋಡಿದ್ದೇನೆ. ನನಗೆ ಅದು ಸಾಧ್ಯವಿಲ್ಲ. ನಾನು ಮೊದಲು ಒಂದು ಬದಿಯ ಹಿಮ ತೆಗೆಯಬೇಕು, ಯಂತ್ರವನ್ನು ಆ ಬದಿಗೆ ಮಲಗಿಸಬೇಕು, ಕಾಲುವೆಗೆ ಹಿಮ ತುಂಬಿ ತುಳಿಯಬೇಕು, ಮತ್ತೆ ಎತ್ತಿ ನಿಲ್ಲಿಸಬೇಕು. 2,400 ಮೀಟರ್ ಎತ್ತರದಲ್ಲಿ, ಸೊಂಟದವರೆಗಿನ ಹಿಮದಲ್ಲಿ, ಈ ಕೆಲಸ ಎರಡು ಸಲ ಮಾಡಿದರೆ ಆ ದಿನದ ಕಸುವು ಮುಗಿಯಿತು. ಬೇರೊಬ್ಬರ ಅಳತೆಯ ಚಪ್ಪಲಿ ಹಾಕಿಕೊಂಡು ಬೆಟ್ಟ ಹತ್ತಿದ ಹಾಗೆ. ಹತ್ತಬಹುದು, ಆದರೆ ಪ್ರತಿ ಹೆಜ್ಜೆಯಲ್ಲೂ ಅರ್ಧ ಶಕ್ತಿ ಚಪ್ಪಲಿಗೇ ಹೋಗುತ್ತದೆ.

ಬೆಟ್ಟದ ಓರೆಯಲ್ಲಿ ಅಡ್ಡಕ್ಕೆ ಸಾಗುವಾಗ ಇದು ಇನ್ನೂ ಸ್ಪಷ್ಟ. ಯಂತ್ರವನ್ನು ಬೆಟ್ಟದ ಕಡೆಗೆ ವಾಲಿಸಿ, ಮೇಲಿನ ಬದಿಯ ಕಾಲಿಡುವ ಹಲಗೆಯ ಮೇಲೆ ನಿಂತು, ಟ್ರ್ಯಾಕ್‌ನ ಒಂದಂಚಿನ ಮೇಲೆಯೇ ಸಾಗಬೇಕು. ವಾಲಿಸುವುದು ತೋಳ್ಬಲದಿಂದಲ್ಲ, ಮೈಭಾರದಿಂದ. ಮೈಭಾರ ಕಡಿಮೆಯಿದ್ದವರಿಗೆ ಯಂತ್ರವೇ ವಾಲಲು ಸಿದ್ಧವಿರಬೇಕು. ಮುಂದಿನ ತೋಳಿನ ಸ್ಪ್ರಿಂಗ್ ಸ್ವಲ್ಪ ಬಿಗಿಯಾಗಿದ್ದು, ಭಾರವನ್ನು ಟ್ರ್ಯಾಕ್‌ನ ಮುಂಭಾಗ ಹೊತ್ತುಕೊಂಡರೆ, ಸ್ಕಿಗಳು ಹಗುರವಾಗಿ ಯಂತ್ರ ಆ ಒಂದು ಬಿಂದುವಿನ ಮೇಲೆ ತಿರುಗುತ್ತದೆ, ವಾಲುತ್ತದೆ. ತಯಾರಕರೂ ಇದನ್ನು ಬಲ್ಲರು. ಸ್ಕಿ-ಡೂ ಕಂಪನಿ 2013ರ ಸಮ್ಮಿಟ್ ಮಾದರಿಯಲ್ಲಿ ತಂದ ಟಿ-ಮೋಷನ್ ಸ್ಕಿಡ್ ಪಕ್ಕಕ್ಕೂ ಒಂದಿಷ್ಟು ಬಾಗುತ್ತದೆ. ಆರ್ಕ್ಟಿಕ್ ಕ್ಯಾಟ್ 2019ರ ಮಾದರಿಯಲ್ಲಿ ಎರಡು ಹಳಿಗಳನ್ನೇ ಬಿಟ್ಟು ನಡುವೆ ಒಂದೇ ತೊಲೆ ಇಟ್ಟ ಆಲ್ಫಾ ಒನ್ ತಂದಿತು. ಎರಡರ ಗುರಿಯೂ ಒಂದೇ: ಸವಾರ ಕಡಿಮೆ ಬಲ ಹಾಕಿದರೂ ಯಂತ್ರ ವಾಲಬೇಕು. ಆಲ್ಫಾ ಒನ್ ಇರುವ ಸ್ಲೆಡ್ಡನ್ನು ಗೆಳತಿಯೊಬ್ಬಳಿಂದ ಪಡೆದು ಓಡಿಸಿದಾಗ, ಕೇವಲ ಪಾದ ಒತ್ತಿದ್ದಕ್ಕೆ ಅದು ಮಗ್ಗುಲಾದ ರೀತಿ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು. ಗಟ್ಟಿ ಹಿಮದ ದಾರಿಯಲ್ಲಿ ಮಾತ್ರ ಅದೇ ಗುಣ ಸ್ವಲ್ಪ ಅಲುಗಾಟವಾಗಿ ಕಂಡಿತು.

ಸ್ನೋಮೊಬೈಲ್ ಕಂಪನಿಗಳಲ್ಲದೆ ಹೊರಗಿನವರು ಮಾಡುವ ಸ್ಕಿಡ್‌ಗಳಲ್ಲಿ ಇದಾಹೋದ್ದೇ ಒಂದು ಹೆಸರಿದೆ. ರಾಜ್ಯದ ಉತ್ತರ ತುದಿಯ ಸ್ಯಾಂಡ್‌ಪಾಯಿಂಟ್ ಊರಿನಲ್ಲಿ ಆಲೆನ್ ಮ್ಯಾಂಗಮ್ ಕಟ್ಟಿದ ಟಿಂಬರ್‌ಸ್ಲೆಡ್, ಪರ್ವತದ ಸ್ಲೆಡ್‌ಗಳಿಗೆ ಮೌಂಟನ್ ಟೇಮರ್ ಎಂಬ ಸ್ಕಿಡ್ ಮಾಡುತ್ತಿತ್ತು. ಆಮೇಲೆ ಅದೇ ಕಂಪನಿ ಮೋಟರ್‌ಸೈಕಲ್‌ಗೆ ಒಂದು ಸ್ಕಿ ಮತ್ತು ಟ್ರ್ಯಾಕ್ ಜೋಡಿಸುವ ಕಿಟ್‌ನಿಂದ ಹೆಸರಾಯಿತು. 2015ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿ ಅದನ್ನು ಕೊಂಡುಕೊಂಡಿತು. ಕೆ-ಮಾಡ್, ಜ್‌ಬ್ರೋಜ್ ಮೊದಲಾದ ಹೆಸರುಗಳೂ ಪರ್ವತದ ಸವಾರರ ಬಾಯಲ್ಲಿವೆ. ಇವೆಲ್ಲ ಹುಟ್ಟಿದ್ದು ಕಾರ್ಖಾನೆಯ ಸ್ಕಿಡ್‌ನಿಂದ ತೃಪ್ತಿಯಾಗದ ಸವಾರರಿಂದಲೇ ಎಂಬುದು ನನಗೆ ಇಷ್ಟವಾದ ವಿಷಯ. ದೊಡ್ಡ ಕಂಪನಿ ಸಾವಿರಾರು ಜನರಿಗೆ ಹೊಂದುವುದನ್ನು ಮಾಡಬೇಕು. ಚಿಕ್ಕ ಕಾರ್ಖಾನೆ ಫೋನಿನಲ್ಲಿ ನಿಮ್ಮ ತೂಕ ಕೇಳಿ, ಅದಕ್ಕೆ ತಕ್ಕ ಸ್ಪ್ರಿಂಗ್ ಹಾಕಿ, ಶಾಕ್‌ನೊಳಗಿನ ತೆಳು ತಟ್ಟೆಗಳ ಜೋಡಣೆಯನ್ನೂ ಬದಲಾಯಿಸಿ ಕಳುಹಿಸಬಲ್ಲದು.

ಆರಿಸುವಾಗ ಎದುರಾಗುವ ಮೊದಲ ಕವಲು: ಮುಂದಿನ ಮತ್ತು ಹಿಂದಿನ ತೋಳುಗಳು ಒಂದಕ್ಕೊಂದು ಬೆಸೆದಿರಬೇಕೇ, ಬಿಡಿಯಾಗಿರಬೇಕೇ? ಬೆಸೆದ ಬಗೆಯಲ್ಲಿ ಹಿಂದಿನ ತೋಳು ಒಂದು ಮಿತಿಯವರೆಗೆ ಕುಗ್ಗಿದ ಮೇಲೆ ಮುಂದಿನದನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಯಂತ್ರ ಮಟ್ಟಸವಾಗಿ ನಿಲ್ಲುತ್ತದೆ, ಗುಂಡಿಗಳನ್ನು ಚೆನ್ನಾಗಿ ನುಂಗುತ್ತದೆ, ಸ್ಕಿಗಳು ನೆಲ ಬಿಡುವುದಿಲ್ಲ. ಬಿಡಿಯಾದ ಬಗೆಯಲ್ಲಿ ಹಳಿಗಳು ತಮ್ಮಿಷ್ಟದಂತೆ ವಾಲಬಲ್ಲವು. ಭಾರ ಧಾರಾಳವಾಗಿ ಹಿಂದಕ್ಕೆ ಹರಿಯುತ್ತದೆ, ಟ್ರ್ಯಾಕ್ ಬೇಗ ಹಿಮದ ಮೇಲೇರುತ್ತದೆ. ಪರ್ವತದ ಸ್ಲೆಡ್‌ಗಳಲ್ಲಿ ಹೆಚ್ಚಿನವು ಬಿಡಿಯಾದ ಬಗೆಯವೇ. ಹಾಗಾದರೆ ಯೋಚಿಸುವುದೇನಿದೆ ಎನ್ನಬಹುದು. ಯೋಚಿಸಬೇಕಾದದ್ದು ಸಂಜೆಯ ದಾರಿಯನ್ನು. ಬೆಳಗ್ಗೆ ಇಸ್ತ್ರಿ ಹಾಕಿದಂತಿದ್ದ ವಾರೆನ್ ವ್ಯಾಗನ್ ರಸ್ತೆ ವಾರಾಂತ್ಯದ ಸಂಜೆ ನಾಲ್ಕರ ಹೊತ್ತಿಗೆ ನೂರಾರು ಟ್ರ್ಯಾಕ್‌ಗಳು ಕೆತ್ತಿದ ಉಬ್ಬುತಗ್ಗುಗಳ ಸಾಲಾಗಿರುತ್ತದೆ. ದಣಿದ ಮೈ, ಮಬ್ಬುಗತ್ತಲು, ಮಂಜು ಕಟ್ಟಿದ ಕನ್ನಡಕ. ಆಗ ಪುಡಿಹಿಮಕ್ಕೆಂದೇ ಹದ ಮಾಡಿದ ಸ್ಕಿಡ್ ಬೆನ್ನಿಗೆ ಗುದ್ದುತ್ತ ಮನೆಗೆ ಕಳುಹಿಸುತ್ತದೆ. ನಾನು ಪರ್ವತಕ್ಕೆ ಹೋಗುವುದು ಪುಡಿಹಿಮಕ್ಕಾಗಿ, ಸರಿ. ಆದರೆ ಹೋಗಿ ಬರುವ ದಾರಿಯೂ ನನ್ನ ಸವಾರಿಯದ್ದೇ ಭಾಗ. ಬಿಡಿಯಾದ ಬಗೆಯನ್ನು ಆರಿಸಿ, ಶಾಕ್‌ನ ಹದದಲ್ಲಿ ಈ ಸಂಜೆಯ ದಾರಿಗೆ ಪರಿಹಾರ ಹುಡುಕಬೇಕೆಂದು ತೀರ್ಮಾನಿಸಿದೆ.

ಹಾಗಾಗಿ ಶಾಕ್‌ಗಳ ಬಗ್ಗೆ ಉಳಿದೆಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡೆ. ಗಾಳಿ ತುಂಬಿದ ಶಾಕ್‌ಗಳು ಹಗುರ. ಪಂಪು ಹಿಡಿದು ಒತ್ತಡ ಏರಿಸಿ ಇಳಿಸಿ ತೂಕಕ್ಕೆ ಹೊಂದಿಸಿಕೊಳ್ಳಬಹುದು. ಹಗುರ ಸವಾರರಿಗೆ ಇದಕ್ಕಿಂತ ಅನುಕೂಲ ಇನ್ನೇನು ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಆದರೆ ಗಾಳಿಗೆ ಚಳಿಯಾಗುತ್ತದೆ. ಬೊಯ್ಸಿಯ ಗ್ಯಾರೇಜಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 150 ಪಿಎಸ್‌ಐ (ಟೈರಿನ ಗಾಳಿಯನ್ನೂ ಅಳೆಯುವ ಒತ್ತಡದ ಮಾನ) ತುಂಬಿದ್ದೀರಿ ಎನ್ನಿ. ಬೆಟ್ಟದ ಮೇಲೆ ಮೈನಸ್ 15 ಡಿಗ್ರಿ. ಕೆಲ್ವಿನ್ ಲೆಕ್ಕದಲ್ಲಿ 293ರಿಂದ 258ಕ್ಕೆ ಇಳಿದ ಹಾಗೆ, ಅಂದರೆ ಒಳಗಿನ ನಿಜ ಒತ್ತಡ (ವಾತಾವರಣದ ಒತ್ತಡವನ್ನೂ ಕೂಡಿಸಿದ್ದು) ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡವೂ ತಗ್ಗುವುದರಿಂದ ಎರಡು ಮೂರು ಪಿಎಸ್‌ಐ ಮರಳಿ ಸಿಗುತ್ತದೆ. ಕೂಡಿಸಿ ಕಳೆದರೆ ಉಳಿಯುವುದು 133ರ ಆಸುಪಾಸು. ಬೆಳಗ್ಗೆ ಹೀಗೆ ಮೆತ್ತಗಿರುವ ಶಾಕ್, ಉಬ್ಬುತಗ್ಗಿನ ದಾರಿಯಲ್ಲಿ ಒಂದು ಗಂಟೆ ಕುಣಿದು ಬಿಸಿಯಾದ ಮೇಲೆ ಮತ್ತೆ ಗಡಸಾಗುತ್ತದೆ. ಬೆಟ್ಟದಲ್ಲೇ ಪಂಪು ಹಾಕಿ ಸರಿಮಾಡಿಕೊಳ್ಳುವ ತಾಳ್ಮೆಯಿರುವವರಿಗೆ ಇದು ತೊಡಕಲ್ಲ. ನನಗೆ ಬೇಕಾದದ್ದು ಬೆಳಗ್ಗೆಯೂ ಸಂಜೆಯೂ ಒಂದೇ ಥರ ವರ್ತಿಸುವ ಸ್ಕಿಡ್. ಉಕ್ಕಿನ ಸುರುಳಿ ಸ್ಪ್ರಿಂಗ್ ಒಂದಿಷ್ಟು ಹೆಚ್ಚು ತೂಗುತ್ತದೆ, ಆದರೆ ಅದರ ಮಾತು ಬದಲಾಗುವುದಿಲ್ಲ. ತೂಕ ಉಳಿಸುವುದೇ ಮುಖ್ಯವೆಂದು ವಾದಿಸುವವರ ಮಾತನ್ನು ಗೌರವದಿಂದಲೇ ಕೇಳಿ, ನಾನು ಸುರುಳಿಯ ಕಡೆ ನಿಂತೆ.

ನನಗೆ ಇದೆಲ್ಲವನ್ನೂ ಕಲಿಸಿದವರು ಮೆಕಾಲ್‌ನ ದಾರಿಯಲ್ಲಿರುವ ಒಂದು ಚಿಕ್ಕ ವರ್ಕ್‌ಶಾಪಿನ ವಯಸ್ಸಾದ ಮೆಕ್ಯಾನಿಕ್. ಬೆಲೆಪಟ್ಟಿ ಹಿಡಿದು ಹೋದ ನನ್ನನ್ನು ಅವರು ಮೊದಲು ಕೇಳಿದ್ದು, “ಚೀಲ, ಬೂಟು ಸೇರಿ ನಿಮ್ಮ ತೂಕ ಎಷ್ಟು? ನಿಂತು ಓಡಿಸುತ್ತೀರೋ ಕುಳಿತೋ? ಹೂತುಹೋಗುವಾಗ ಮೂತಿ ಮೇಲಿರುತ್ತದೋ ಕೆಳಗಿರುತ್ತದೋ?” ಮೂರನೆಯ ಪ್ರಶ್ನೆಯನ್ನು ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ಕೆಳಗಿರುತ್ತದೆ ಎಂದೆ. ಅವರು ಅಳತೆಪಟ್ಟಿ ತಂದರು. ಹಿಂದಿನ ಬಂಪರ್ ಹಿಡಿದು ಸ್ಕಿಡ್ ಪೂರ್ತಿ ಚಾಚುವವರೆಗೆ ಎತ್ತಿ, ನೆಲದಿಂದ ಬಂಪರ್‌ವರೆಗೆ ಅಳೆದರು. ನನ್ನನ್ನು ಪೂರ್ತಿ ಉಡುಪಿನಲ್ಲಿ ಹತ್ತಿಸಿ, ಎರಡು ಸಲ ಮೆಲ್ಲಗೆ ಕುಪ್ಪಳಿಸಲು ಹೇಳಿ, ಮತ್ತೆ ಅಳೆದರು. ಒಟ್ಟು ಚಲನೆಯಲ್ಲಿ ಕಾಲುಭಾಗದಿಂದ ಮೂರನೇ ಒಂದರಷ್ಟು ಇಳಿಯಬೇಕಿತ್ತು. ನನ್ನ ಭಾರಕ್ಕೆ ಇಳಿದದ್ದು ಅದರಲ್ಲೂ ಅರ್ಧಕ್ಕಿಂತ ಕಡಿಮೆ. “ನೀವು ಈ ಸ್ಪ್ರಿಂಗ್‌ನ ಮೇಲೆ ಕುಳಿತಿಲ್ಲ, ಅದು ನಿಮ್ಮನ್ನು ಎತ್ತಿ ಹಿಡಿದಿದೆ” ಎಂದರು. ಯಾವ ಸ್ಕಿಡ್ ಕೊಳ್ಳಬೇಕೆಂದು ಅವರು ಹೇಳಲೇ ಇಲ್ಲ. ಮೊದಲು ಮೆದು ಸ್ಪ್ರಿಂಗ್ ಹಾಕಿ, ಶಾಕ್‌ಗಳನ್ನು ಬಿಚ್ಚಿಸಿ ಮರುಹದ ಮಾಡಿಸಿ, ಲಿಮಿಟರ್ ಪಟ್ಟಿಯನ್ನು ಬೇರೆ ಬೇರೆ ತೂತುಗಳಲ್ಲಿ ಇಟ್ಟು ಓಡಿಸಿ, ಆಮೇಲೂ ಕೊರತೆ ಉಳಿದರೆ ಬನ್ನಿ ಎಂದರು. ಅದಕ್ಕೆ ಬೇಕಾದದ್ದು ಕೆಲವೇ ನೂರು ಡಾಲರ್. ಪೂರ್ತಿ ಸ್ಕಿಡ್‌ನ ಬೆಲೆಯ ಸಣ್ಣ ಪಾಲು. ತಮ್ಮ ವ್ಯಾಪಾರವನ್ನು ಮುಂದಕ್ಕೆ ಹಾಕಿ ಗಿರಾಕಿಗೆ ಕಲಿಯಲು ಒಂದು ಚಳಿಗಾಲ ಕೊಡುವ ಇಂಥವರಿಂದಲೇ ಈ ಹವ್ಯಾಸ ಉಳಿದಿದೆ ಎಂದು ನಾನು ನಂಬಿದ್ದೇನೆ.

ಆ ಚಳಿಗಾಲವಿಡೀ ಹಾಗೆಯೇ ಓಡಿಸಿದೆ. ಮೆದು ಸ್ಪ್ರಿಂಗ್ ಬಂದದ್ದೇ ಕೈಹಿಡಿ ಹಗುರವಾಯಿತು. ಹೂತುಹೋಗುವುದು ಕಡಿಮೆಯಾಯಿತು. ಯಂತ್ರ ನನ್ನ ಪಾದಕ್ಕೆ ಉತ್ತರ ಕೊಡತೊಡಗಿತು. ನಮ್ಮ ಗುಂಪಿನ ಗಂಡಸರಲ್ಲಿ ಕೆಲವರು ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಏರಿಸುವ ಟರ್ಬೊ ಹಾಕಿಸು ಎನ್ನುತ್ತಿದ್ದರು. ಎತ್ತರ ಸಾವಿರ ಅಡಿ ಏರಿದಂತೆಲ್ಲ ಸಾಮಾನ್ಯ ಎಂಜಿನ್ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಸರಿಯೇ. 8,000 ಅಡಿಯಲ್ಲಿ ಹತ್ತಿರ ಹತ್ತಿರ ಕಾಲುಭಾಗ ಹೋಗಿರುತ್ತದೆ. ಆದರೆ ಅಗೆಯುವ ಟ್ರ್ಯಾಕ್‌ಗೆ ಹೆಚ್ಚಿನ ಶಕ್ತಿ ಕೊಟ್ಟರೆ ಅದು ಇನ್ನೂ ಬೇಗ ಅಗೆಯುತ್ತದೆ, ಅಷ್ಟೇ. ಮೊದಲು ಟ್ರ್ಯಾಕ್ ಹಿಮದ ಮೇಲೆ ನಿಲ್ಲುವುದನ್ನು ಕಲಿಯಲಿ, ಅಶ್ವಶಕ್ತಿಯ ಮಾತು ಆಮೇಲೆ.

ಉಳಿದ ಕೊರತೆ ಎರಡು. ಒಂದು, ಟ್ರ್ಯಾಕ್ ಹಿಮವನ್ನು ಎದುರಿಸುವ ಕೋನ. ಅದು ಹಳಿಗಳ ಮೂತಿಯ ಬಾಗಿಗೆ, ಮುಂದಿನ ತೋಳನ್ನು ಚೌಕಟ್ಟಿಗೆ ಕೂರಿಸಿದ ಜಾಗಕ್ಕೆ ಸೇರಿದ್ದು. ಸ್ಪ್ರಿಂಗ್ ಬದಲಿಸಿದರೆ ಬದಲಾಗುವಂಥದ್ದಲ್ಲ. ಇನ್ನೊಂದು, ಹಿಂದಿನ ಶಾಕ್‌ನ ಮರಳುವ ವೇಗ. ಉಬ್ಬುತಗ್ಗಿನ ಸಾಲಿನಲ್ಲಿ ಅದು ಮತ್ತೆ ಚಾಚಿಕೊಳ್ಳುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತಿತ್ತು. ಹಾಗೆ ಪ್ರತಿ ಉಬ್ಬಿಗೂ ಇಷ್ಟಿಷ್ಟೇ ತಗ್ಗುತ್ತ ಕೊನೆಗೆ ಸ್ಕಿಡ್ ಪೂರ್ತಿ ಕುಗ್ಗಿ, ಏಟು ನೇರವಾಗಿ ಮೊಣಕಾಲಿಗೆ ಬರುತ್ತಿತ್ತು. ಆ ಶಾಕ್‌ಗೆ ಹೊರಗಿನಿಂದ ತಿರುಗಿಸುವ ಗುಂಡಿ ಇರಲಿಲ್ಲ. ಈ ಎರಡನ್ನು ಕಾಗದದಲ್ಲಿ ಬರೆದುಕೊಂಡು ಮೆಕ್ಯಾನಿಕ್ ಬಳಿ ಹೋದೆ. ಈ ಬಾರಿ ಅವರು ಬೆಲೆಪಟ್ಟಿ ತೆರೆದರು.

ನಾನು ಕೊಂಡದ್ದು ತೋಳುಗಳು ಬಿಡಿಯಾಗಿರುವ, ಎರಡೂ ತೋಳಿಗೆ ಸುರುಳಿ ಸ್ಪ್ರಿಂಗ್ ಇರುವ, ಕುಗ್ಗುವ ವೇಗ ಮತ್ತು ಮರಳುವ ವೇಗ ಎರಡನ್ನೂ ಹೊರಗಿನಿಂದಲೇ ಹೊಂದಿಸಬಹುದಾದ ಒಂದು ಸ್ಕಿಡ್. ಹಳಿಗಳ ಮೂತಿ ಹೆಚ್ಚು ಬಾಗಿದೆ. ಹಿಂದಿನ ತುದಿಯೂ ತುಸು ಮೇಲಕ್ಕೆ ಎದ್ದಿದೆ. ಗಟ್ಟಿ ಹಿಮದಲ್ಲಿ ಟ್ರ್ಯಾಕ್‌ನ ಕಡಿಮೆ ಭಾಗ ನೆಲ ಮುಟ್ಟುವುದರಿಂದ ಯಂತ್ರ ಸುಲಭವಾಗಿ ತಿರುಗುತ್ತದೆ, ಆಳ ಹಿಮದಲ್ಲಿ ಪೂರ್ತಿ ಉದ್ದ ಕೆಲಸಕ್ಕೆ ಬರುತ್ತದೆ. ಸ್ಪ್ರಿಂಗ್‌ಗಳನ್ನು ನನ್ನ ತೂಕಕ್ಕೆ ಹೇಳಿ ತರಿಸಿದ್ದು. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. 95 ಕಿಲೋ ತೂಗುವ, ಕೆನಡಾದ ರೆವೆಲ್‌ಸ್ಟೋಕ್‌ನ ಆಳ ಹಿಮದಲ್ಲಿ ಓಡಿಸುವ ಒಬ್ಬರು ಇದನ್ನು ಓದಿ ಅದನ್ನೇ ಕೊಂಡರೆ ಅವರಿಗೆ ನಾನು ಅನ್ಯಾಯ ಮಾಡಿದ ಹಾಗೆ. ಯೂಟಾದ ಒಣ ಪುಡಿಹಿಮ, ಕರಾವಳಿಗೆ ಹತ್ತಿರದ ಕ್ಯಾಸ್ಕೇಡ್ ಶ್ರೇಣಿಯ ಒದ್ದೆ ಭಾರದ ಹಿಮ, ನಮ್ಮ ಮೆಕಾಲ್‌ನ ನಡುವಿನ ಹದದ ಹಿಮ ಒಂದೊಂದೂ ಒಂದೊಂದು ಬಗೆಯ ಸ್ಕಿಡ್ ಕೇಳುತ್ತದೆ.

ಜೋಡಿಸುವ ಕೆಲಸವನ್ನು ಗ್ಯಾರೇಜಿನಲ್ಲಿ ನಾನು ಮತ್ತು ನನ್ನ ಗಂಡ ಸೇರಿ ಮಾಡಿದೆವು. ಯಂತ್ರವನ್ನು ಮಗ್ಗುಲಿಗೆ ಮಲಗಿಸಿ, ಹಳೆಯ ಸ್ಕಿಡ್‌ನ ಬೋಲ್ಟುಗಳನ್ನು ಬಿಚ್ಚಿ, ಟ್ರ್ಯಾಕ್ ಒಳಗಿಂದ ಅದನ್ನು ಎಳೆದು ತೆಗೆಯುವುದು ನೋಡಿದಷ್ಟು ಕಷ್ಟವಲ್ಲ. ಹೊಸದನ್ನು ಒಳಗೆ ಕೂರಿಸುವುದು ಕಷ್ಟ. ಲಿಮಿಟರ್ ಪಟ್ಟಿಯನ್ನು ಪೂರ್ತಿ ಎಳೆದು ಕಟ್ಟಿ ಸ್ಕಿಡ್ಡನ್ನು ಮಡಿಸಿದರೆ ಅರ್ಧ ಹೋರಾಟ ಮುಗಿಯುತ್ತದೆ. ಬೇರೆ ಮಾದರಿಯ ಸ್ಕಿಡ್ ಕೂರಿಸಲು ಚೌಕಟ್ಟಿನಲ್ಲಿ ಹೊಸ ತೂತು ಕೊರೆಯಬೇಕಾಗುವುದುಂಟು. ಹಾಗೆ ಕೊರೆದರೆ ಗ್ಯಾರಂಟಿ ಹೋಗಬಹುದು, ಮಾರುವಾಗ ಬೆಲೆಯೂ ಇಳಿಯುತ್ತದೆ. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು. ಟ್ರ್ಯಾಕ್‌ನ ಬಿಗಿ ಮತ್ತು ಸಾಲನ್ನು ಮೊದಲ ಓಟದ ನಂತರ ಇನ್ನೊಮ್ಮೆ ನೋಡಲೇಬೇಕು, ಬೋಲ್ಟುಗಳನ್ನೂ ಸಹ. ಹಳಿಗಳ ಅಡಿಯ ಪ್ಲಾಸ್ಟಿಕ್ ಪಟ್ಟಿಗೆ ಹಿಮವೇ ಎಣ್ಣೆ. ಹಿಮ ಸಿಗದ ಗಟ್ಟಿ ದಾರಿಯಲ್ಲಿ ಅದು ಬಿಸಿಯಾಗಿ ಕರಗತೊಡಗುತ್ತದೆ. ಎಂಜಿನ್‌ನ ನೀರು ತಣಿಯುವುದೂ ಟ್ರ್ಯಾಕ್ ಎರಚುವ ಹಿಮದಿಂದಲೇ ಆದ್ದರಿಂದ, ಹಿಮ ಕೆದಕುವ ಕಡ್ಡಿಗಳನ್ನು ಅಂಥ ದಾರಿಯಲ್ಲಿ ಇಳಿಸಿಕೊಂಡೇ ಹೋಗುತ್ತೇನೆ.

ಫಲ? ಮೊದಲು ತಲುಪಲಾಗದ ಇಳಿಜಾರುಗಳನ್ನು ಈಗ ತಲುಪುತ್ತೇನೆ. ಇದನ್ನು ಬರೆಯುವಾಗ ಸಂತೋಷದ ಜೊತೆಗೆ ಭಯವೂ ಇದೆ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹೂತುಹೋಗುತ್ತಿದ್ದ ಕಾಲದಲ್ಲಿ ನಾನು ಅಂಥ ಜಾಗಕ್ಕೆ ಹೋಗಲು ಸಾಧ್ಯವೇ ಇರಲಿಲ್ಲ. ನನ್ನ ಹಳೆಯ ಸ್ಕಿಡ್‌ನ ಮಿತಿಯೇ ನನಗೆ ಬೇಲಿಯಾಗಿತ್ತು. ಆ ಬೇಲಿಯನ್ನು ದುಡ್ಡು ಕೊಟ್ಟು ತೆಗೆಸಿದ ಮೇಲೆ ಹೊಸ ಬೇಲಿಯನ್ನು ನಾನೇ ಹಾಕಿಕೊಳ್ಳಬೇಕು. ಕನ್ನಡಿಗರಿಗೆ ಹಿಮಕುಸಿತ ಎಂದರೆ ನೆನಪಾಗುವುದು ಸಿಯಾಚಿನ್. 2016ರ ಫೆಬ್ರುವರಿ 3ರಂದು ಅಲ್ಲಿ ಹತ್ತು ಯೋಧರು ಹಿಮದಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಾವು ಬೊಯ್ಸಿಯಲ್ಲಿ ಕುಳಿತು ಕನ್ನಡ ಸುದ್ದಿವಾಹಿನಿಗಳನ್ನು ನೋಡುತ್ತ ಪ್ರಾರ್ಥಿಸಿದ್ದೆವು. ಅವರು ಅಲ್ಲಿದ್ದದ್ದು ಕರ್ತವ್ಯಕ್ಕಾಗಿ. ನಾನು ಇಲ್ಲಿ ಹೋಗುವುದು ಸಂತೋಷಕ್ಕಾಗಿ. ಸಂತೋಷಕ್ಕೆ ಹೋಗುವವಳಿಗೆ ಅಜಾಗರೂಕತೆಯ ಹಕ್ಕಿಲ್ಲ.

ಪೇಯೆಟ್ ಹಿಮಕುಸಿತ ಕೇಂದ್ರದ ಮುನ್ಸೂಚನೆ ಓದದೆ ನಾವು ಟ್ರೇಲರ್ ಜೋಡಿಸುವುದಿಲ್ಲ. ಸಂಕೇತ ಕಳುಹಿಸುವ ಟ್ರಾನ್ಸೀವರ್ ಮೈಮೇಲೆ, ಸಲಿಕೆ ಮತ್ತು ಹಿಮದಡಿ ಇರುವವರನ್ನು ತಡಕಿ ಹುಡುಕುವ ಚುಚ್ಚುಕೋಲು ಬೆನ್ನಚೀಲದಲ್ಲಿ. ಯಂತ್ರಕ್ಕೆ ಕಟ್ಟಿದ ಸಲಿಕೆ ಯಂತ್ರದ ಜೊತೆಗೇ ಹೂತುಹೋಗುತ್ತದೆ. ಹಿಮದಡಿ ಸಿಲುಕಿದವರು ಬದುಕುವ ಸಾಧ್ಯತೆ ಮೊದಲ ಹದಿನೈದು ನಿಮಿಷ ದಾಟಿದ ಮೇಲೆ ವೇಗವಾಗಿ ಕುಸಿಯುವುದರಿಂದ, ಪಕ್ಕದಲ್ಲಿರುವವರೇ ಅಗೆಯಬೇಕು. ಒಂದು ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಯಾರಾದರೂ ನಡುವೆ ಹೂತುಕೊಂಡರೆ ಸಹಾಯಕ್ಕೆಂದು ಇನ್ನೊಬ್ಬರು ಮೇಲೆ ಹೋಗುವುದಿಲ್ಲ, ಕೆಳಗಿನ ಸುರಕ್ಷಿತ ಜಾಗದಿಂದ ನೋಡುತ್ತ ನಿಲ್ಲುತ್ತಾರೆ. ಹಾಗಾಗಿ ಇಳಿಜಾರಿನ ನಡುವೆ ಹೂತರೆ ನಾನೊಬ್ಬಳೇ, ನನ್ನ ಈ ಮೈಬಲದಲ್ಲೇ, ಯಂತ್ರವನ್ನು ತಿರುಗಿಸಿಕೊಂಡು ಇಳಿಯಬೇಕು. ಕೆಳಕ್ಕೆ ತಿರುಗಿಸಲು ಸುಲಭವಾದ ಸ್ಕಿಡ್ ಬೇಕೆಂದು ನಾನು ಹಟ ಹಿಡಿದದ್ದರಲ್ಲಿ ಈ ಯೋಚನೆಗೆ ದೊಡ್ಡ ಪಾಲಿತ್ತು. ಮೇಲೇರುವ ಶಕ್ತಿಗಿಂತ, ಏರು ಸಾಕೆನಿಸಿದ ಕ್ಷಣದಲ್ಲಿ ಹೊರಳಿ ಹೊರಬರುವ ಸುಲಭತೆಗೆ ನಾನು ಹೆಚ್ಚು ಬೆಲೆ ಕೊಟ್ಟೆ.

ಈಗ ನನ್ನ ಹದ ಹೀಗಿದೆ. ಜನವರಿ, ಫೆಬ್ರುವರಿಯ ಆಳ ಹಿಮಕ್ಕೆ ಲಿಮಿಟರ್ ಪಟ್ಟಿ ನಡುವಿನ ತೂತಿನಲ್ಲಿ, ಮುಂದಿನ ಸ್ಪ್ರಿಂಗ್ ತುಸು ಬಿಗಿ, ಹಿಂದಿನ ಶಾಕ್ ಮರಳುವ ವೇಗ ಚುರುಕು. ಮಾರ್ಚ್ ಕೊನೆಯ ಹೊತ್ತಿಗೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಹಿಮಕ್ಕೆ ಪಟ್ಟಿ ಒಂದು ತೂತು ಬಿಗಿ, ಮುಂದಿನ ಸ್ಪ್ರಿಂಗ್ ಸಡಿಲ. ಇಲ್ಲದಿದ್ದರೆ ಗಟ್ಟಿ ಮೇಲ್ಪದರದ ಮೇಲೆ ಸ್ಕಿಗಳು ಹಿಡಿತ ಬಿಡುತ್ತವೆ. ಹಿಮಕುಸಿತದಲ್ಲಿ ಉಬ್ಬಿ ಸವಾರರನ್ನು ಹಿಮದ ಮೇಲ್ಭಾಗದಲ್ಲಿ ಉಳಿಸಲು ನೆರವಾಗುವ ಗಾಳಿಚೀಲದ ವ್ಯವಸ್ಥೆಯನ್ನು ಬೆನ್ನಚೀಲದಲ್ಲಿ ಸೇರಿಸಿದ ಮೇಲೆ ಹಿಂದಿನ ಸ್ಪ್ರಿಂಗ್‌ನ ಬಿಗಿಯನ್ನು ಮತ್ತೊಮ್ಮೆ ಅಳೆದು ಹೊಂದಿಸಿದೆವು. ಈ ಬೇಸಿಗೆಯಲ್ಲಿ ಶಾಕ್‌ಗಳನ್ನು ಎಣ್ಣೆ ಬದಲಾಯಿಸಲು ಮೆಕ್ಯಾನಿಕ್ ಬಳಿ ಬಿಟ್ಟಿದ್ದೇನೆ. ಗುಂಪಿಗೆ ಹೊಸದಾಗಿ ಸೇರಿದ, ನನಗಿಂತಲೂ ಹಗುರವಾದ ಹುಡುಗಿಯೊಬ್ಬಳು ಮುಂದಿನ ಚಳಿಗಾಲಕ್ಕೆ ಸ್ಕಿಡ್ ಕೊಳ್ಳಬೇಕೆಂದಿದ್ದಾಳೆ. ಮುಂದಿನ ಶನಿವಾರ ಅವಳ ಸ್ಲೆಡ್ ನಮ್ಮ ಗ್ಯಾರೇಜಿಗೆ ಬರುತ್ತದೆ. ಪೂರ್ತಿ ಉಡುಪು, ಬೂಟು, ಚೀಲದೊಂದಿಗೆ ಬರಲು ಹೇಳಿದ್ದೇನೆ.